ಬಂದರಿಗೆ ಮೂರು ದಿನ: ಒಂಬತ್ತನೇ ತಿದ್ದುಪಡಿ

ನಮ್ಮ ಒರಿಸಾಬಾದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಬಸ್ಸುಗಳನ್ನು ಹೊರಡಿಸಿದವನು ಫಿದೆನ್ಸಿಯೋ ಓಲ್ಮೋಸ್. ಕೈಯಲ್ಲಿ ರಟ್ಟಿನ ಹಲಗೆ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಬಾಯಲ್ಲಿ ಸೀಟಿ. ಸೀಟಿ ಊದಿದರೆ ಬಸ್ಸು ಹೊರಡಬೇಕು, ಅಂಗೈ ಎತ್ತಿದರೆ ನಿಲ್ಲಬೇಕು. ಊದಿದ್ದನ್ನು ಊರೆಲ್ಲ ಕೇಳಿದೆ. ಅಂಗೈ ಎತ್ತಿದ್ದನ್ನು ಕಂಡವರಿಲ್ಲ. ಪಾದ್ರಿ ಓಡಿಬಂದರೂ ಅಷ್ಟೇ, ಬಸುರಿ ಓಡಿಬಂದರೂ ಅಷ್ಟೇ. ಒಮ್ಮೆ ಅವನ ಸ್ವಂತ ನಾದಿನಿ ಓತಿಲಿಯಾ, ಗೆಳತಿಯ ಮಗುವಿನ ನಾಮಕರಣಕ್ಕೆ ಧರ್ಮಮಾತೆಯಾಗಿ ನಿಲ್ಲಬೇಕಾದವಳು, ಕೇಕಿನ ಡಬ್ಬಿ ಹಿಡಿದು ಓಡಿಬಂದಳು. ಫಿದೆನ್ಸಿಯೋ ಅವಳನ್ನು ನೋಡಿದ, ಗಡಿಯಾರ ನೋಡಿದ, ಸೀಟಿ ಊದಿದ. ಆ ಮಗುವಿಗೀಗ ಹದಿನಾಲ್ಕು ವರ್ಷ. ಓತಿಲಿಯಾ ಇನ್ನೂ ಮರೆತಿಲ್ಲ.

ನಿಲ್ದಾಣದಿಂದ ವೆರಾಕ್ರೂಸ್ ಬಂದರಿಗೆ ದಿನಕ್ಕೆ ಹನ್ನೊಂದು ಬಸ್ಸು, ಎರಡೂವರೆ ಗಂಟೆಯ ದಾರಿ. ಲಕ್ಷಾಂತರ ಜನರನ್ನು ಅಲ್ಲಿಗೆ ಕಳಿಸಿದ ಫಿದೆನ್ಸಿಯೋ ತಾನು ಮಾತ್ರ ಹೋಗಿರಲಿಲ್ಲ. ಅವನ ಹೆಂಡತಿ ದೆಲ್ಫೀನಾ ಹುಟ್ಟಿದ್ದೇ ಆ ಬಂದರಿನಲ್ಲಿ. ಮೂರು ದಿನ ಹೋಗಿ ಬರೋಣ ಎನ್ನುವುದು ಅವಳ ಒಂದೇ ಬೇಡಿಕೆ. ಸಮುದ್ರದ ಕಟ್ಟೆಯ ಮೇಲೆ ಕೂತು ಹಡಗು ನೋಡಬೇಕು, ಹಾಲು ಕಾಫಿ ಕುಡಿಯಬೇಕು, ಸಂಜೆ ಚೌಕದಲ್ಲಿ ವಾದ್ಯದವರು ನುಡಿಸುವಾಗ ಗಂಡನ ಜೊತೆ ಒಂದು ದಾನ್ಸೋನ್ ಕುಣಿಯಬೇಕು.

ಫಿದೆನ್ಸಿಯೋ ಇಲ್ಲ ಎಂದವನೇ ಅಲ್ಲ. ಯೋಜನೆ ಹಾಕುತ್ತಿದ್ದ. ಹೊರಡುವ ವೇಳೆ, ಕೊಠಡಿಯ ಕಿಟಕಿಯ ದಿಕ್ಕು, ಹೊಟ್ಟೆ ಕೆಟ್ಟರೆ ಬೇಕಾಗುವ ಅವಧಿ ಎಲ್ಲವನ್ನೂ ಗೆರೆ ಎಳೆದು ಬರೆಯುತ್ತಿದ್ದ. ಆಮೇಲೆ ಅದರಲ್ಲೊಂದು ತಪ್ಪು ಸಿಗುತ್ತಿತ್ತು. ತಿದ್ದುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ನಿವೃತ್ತಿಯ ಹೊತ್ತಿಗೆ ಯೋಜನೆ ಎಂಟು ಸಲ ತಿದ್ದುಪಡಿಯಾಗಿತ್ತು.

ನಿಜವಾದ ಕಾರಣ ಬೇರೆ. ದಾನ್ಸೋನಿನಲ್ಲಿ ಕುಣಿಯುವುದಕ್ಕಿಂತ ನಿಲ್ಲುವುದು ಕಷ್ಟ. ಪಲ್ಲವಿ ಬಂದಾಗ ಜೋಡಿಗಳೆಲ್ಲ ಕಾಲು ನಿಲ್ಲಿಸಿ, ವಾದ್ಯದವರ ಕಡೆ ತಿರುಗಿ ಸುಮ್ಮನೆ ನಿಲ್ಲಬೇಕು. ಹೆಂಗಸರು ಬೀಸಣಿಗೆ ಬೀಸಿಕೊಳ್ಳುತ್ತಾರೆ. ಪಲ್ಲವಿ ಮುಗಿದ ಮೇಲೆ ಮತ್ತೆ ಹೆಜ್ಜೆ. ಮದುವೆಯಾದ ಹೊಸತರಲ್ಲಿ, ಇದೇ ಊರಿನಲ್ಲಿದ್ದ ದೆಲ್ಫೀನಾಳ ನೆಂಟರ ಮನೆಯ ಸಮಾರಂಭದಲ್ಲಿ ಫಿದೆನ್ಸಿಯೋಗೆ ಇದು ಗೊತ್ತಿರಲಿಲ್ಲ. ಇಡೀ ಸಭೆ ನಿಂತಿತು. ಅವನೊಬ್ಬ ಹೆಂಡತಿಯನ್ನು ಎಳೆದುಕೊಂಡು ಕುಣಿಯುತ್ತಲೇ ಇದ್ದ, ನಿಂತವರಿಗೆಲ್ಲ ಡಿಕ್ಕಿ ಹೊಡೆಯುತ್ತ. ಜನ ಬಿದ್ದು ಬಿದ್ದು ನಕ್ಕರು. ಅವನ ಮಾವನಂತೂ ನಗುವನ್ನು ತಡೆಯಲಾರದೆ ಹೊರಗೆ ಹೋದ. ಅಂದಿನಿಂದ ಫಿದೆನ್ಸಿಯೋ ಕುಣಿದಿಲ್ಲ. ಅವನಿಗೆ ಹೆದರಿಕೆ. ಅದನ್ನು ಯೋಜನೆಯ ಯಾವ ಕಾಲಂನಲ್ಲೂ ಬರೆದಿರಲಿಲ್ಲ.

ಈ ಸಲ ದೆಲ್ಫೀನಾ ಕಪ್ಪು ಹುರುಳಿ ಆರಿಸುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು.

"ಜನವರಿಗೆ ಮಂಡಿ ಕೊಯ್ತಾರಂತೆ ಕಣ್ರೀ."

"ಹೂಂ. ಹದಿನಾಲ್ಕು, ಮಂಗಳವಾರ, ಬೆಳಗ್ಗೆ ಏಳೂವರೆ."

"ನೋವು ಹೋಗುತ್ತಂತೆ. ಆದ್ರೆ ಮೊದಲಿನ ಹಾಗೆ ಮಡಚಕ್ಕೆ ಆಗ್ದೇ ಇರಬಹುದಂತೆ. ಅದಕ್ಕೇ ಹೇಳ್ದೆ. ಕುಣಿಯೋದಾದ್ರೆ ಅಷ್ಟರೊಳಗೆ."

ಪಕ್ಕದಲ್ಲೇ ಕೂತಿದ್ದ ಓತಿಲಿಯಾ ಸುಮ್ಮನಿರುವವಳಲ್ಲ.

"ಅಕ್ಕಾ, ಭಾವನ ಯೋಜನೆ ನಂಬ್ಕೊಂಡು ಕೂತ್ರೆ ನಿನ್ನ ಇನ್ನೊಂದು ಮಂಡೀನೂ ಹೋಗುತ್ತೆ. ನಾನು ಕರ್ಕೊಂಡು ಹೋಗ್ತೀನಿ ಬಾ."

"ನೀನು ಬಸ್ಸಿಗೆ ಹೊತ್ತಿಗೆ ಸರಿಯಾಗಿ ಬರಲ್ಲ," ಎಂದ ಫಿದೆನ್ಸಿಯೋ.

"ಅರ್ಧ ನಿಮಿಷ ಭಾವ! ಅರ್ಧ ನಿಮಿಷ! ಕೈ ಎತ್ತಿದ್ರೆ ನಿಮ್ಮ ಕಂಕುಳು ಹರಿದುಹೋಗ್ತಿತ್ತಾ?"

ಅವನು ಎದ್ದು ಒಳಗೆ ಹೋಗಿ ಒಂಬತ್ತನೇ ತಿದ್ದುಪಡಿ ಶುರು ಮಾಡಿದ. ಡಿಸೆಂಬರ್ ಎರಡನೇ ವಾರವನ್ನು ಆರಿಸಿದ, ಆಗ ಬಂದರಿನಲ್ಲಿ ಜನ ಕಡಿಮೆ. ಹಿತ್ತಲಿನಲ್ಲಿ ಒಬ್ಬನೇ, ಒಗೆಯುವ ಕಲ್ಲಿನ ಸುತ್ತ, ಪೊರಕೆ ಹಿಡಿದು, ಬಾಯಲ್ಲೇ ರಾಗ ಗುನುಗುತ್ತಾ ಹೆಜ್ಜೆ ಅಭ್ಯಾಸ ಮಾಡಿದ. ಪಲ್ಲವಿ ಬಂದಾಗ ಪೊರಕೆ ನಿಲ್ಲುತ್ತಿತ್ತು, ಇವನು ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ದೆಲ್ಫೀನಾ ಎಲ್ಲ ನೋಡಿದಳು.

ಆ ತಿಂಗಳಲ್ಲಿ ಬಂದರಿನಲ್ಲಿ ಜನ ಕಡಿಮೆ ಇರುವುದು ಬಡಗಾಳಿ ಎಂಬ ಉತ್ತರದ ಬಿರುಗಾಳಿಯಿಂದಾಗಿ. ಸಮುದ್ರದ ಮೇಲಿಂದ ಬೀಸತೊಡಗಿದರೆ ಮೂರು ದಿನ ಬಿಡುವುದಿಲ್ಲ. ಇದು ಫಿದೆನ್ಸಿಯೋಗೆ ಗೊತ್ತಿರದ ವಿಷಯವಲ್ಲ. "ಬಂದರಿನಲ್ಲಿ ಬಡಗಾಳಿ, ಅಲ್ಲಿಂದ ಬರುವ ಬಸ್ಸು ತಡ" ಎಂದು ಮೂವತ್ತೊಂದು ಚಳಿಗಾಲ ಮೈಕಿನಲ್ಲಿ ಕೂಗಿದವನು ಅವನೇ. ಬರುವ ಬಸ್ಸಿನ ಕಷ್ಟ ಹೋಗುವ ಬಸ್ಸಿಗೂ ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಬಸ್ಸು ಬಂದರು ಸೇರಿದಾಗ ತೆಂಗಿನ ಮರಗಳು ಒಂದೇ ಕಡೆಗೆ ಬಾಗಿದ್ದವು. ಕಟ್ಟೆಯ ಮೇಲೆ ಕೂರುವುದಿರಲಿ, ಅದನ್ನು ನೋಡಲೂ ಆಗಲಿಲ್ಲ. ಅಲೆಗಳು ರಸ್ತೆಗೇ ಬರುತ್ತಿದ್ದವು. ಗುರುವಾರ ಕೊಠಡಿಯಲ್ಲೇ ಕಳೆಯಿತು. ಶುಕ್ರವಾರ ಫಿದೆನ್ಸಿಯೋನ ಟೋಪಿ ಹಾರಿ ಸುಂಕದ ಕಟ್ಟೆಯ ಕಡೆ ಹೋಯಿತು. ಶನಿವಾರ ಸಂಜೆ, ಯೋಜನೆಯ ಪ್ರಕಾರ ದಾನ್ಸೋನಿನ ಸಂಜೆ, ಇಬ್ಬರೂ ಕೈ ಕೈ ಹಿಡಿದು ಚೌಕಕ್ಕೆ ಹೋದರು. ವಾದ್ಯದವರ ವೇದಿಕೆಯ ಮೇಲೆ ಒಂದು ನಾಯಿ ಮಲಗಿತ್ತು. ಮರುದಿನ ಬೆಳಗ್ಗೆ ವಾಪಸು ಬಸ್ಸು.

ಪಕ್ಕದ ಕಾಫಿ ಅಂಗಡಿಗೆ ಹೋಗಿ ಕೂತರು. ಒಳಗೆ ಹೆಚ್ಚು ಜನರಿರಲಿಲ್ಲ. ಆ ಊರಿನ ಪದ್ಧತಿಯೆಂದರೆ, ಗಾಜಿನ ಲೋಟದಲ್ಲಿ ಗಟ್ಟಿ ಡಿಕಾಕ್ಷನ್ ತಂದಿಡುತ್ತಾರೆ. ಚಮಚದಿಂದ ಲೋಟವನ್ನು ಟಣ್ ಎನಿಸಿದರೆ ಹಾಲಿನವನು ಬಂದು, ಎತ್ತರದಿಂದ ಬಿಸಿ ಹಾಲು ಸುರಿಯುತ್ತಾನೆ. ಆ ಸಂಜೆ ಹಾಲಿನವನು ನಾಬೋರ್ ಎಂಬ ಮುದುಕ.

ಫಿದೆನ್ಸಿಯೋ ಯೋಜನೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತ. ದೆಲ್ಫೀನಾಳ ಮಡಿಲಲ್ಲಿ ಬೀಸಣಿಗೆ ಇತ್ತು. ಅಂಥ ಗಾಳಿಗೆ ಊರಲ್ಲಿ ಬೀಸಣಿಗೆ ಹಿಡಿದು ಬಂದವಳು ಅವಳೊಬ್ಬಳೇ. ಅವಳು ಬಾಯೊಳಗೇ ಏನನ್ನೋ ಗುನುಗುತ್ತಾ ಚಮಚದಿಂದ ಲೋಟಕ್ಕೆ ತಾಳ ಹಾಕಿದಳು. ನಾಬೋರ್ ಬಂದು ಹಾಲು ಸುರಿದು ಹೋದ. ಮತ್ತೆ ತಾಳ ಹಾಕಿದಳು. ಮತ್ತೆ ಬಂದ. ಲೋಟ ಅಂಚಿಗೆ ತುಂಬಿತು. ಮೂರನೇ ಸಲ ಬಂದಾಗ ಗಂಡನ ಲೋಟವನ್ನೂ ತುಂಬಿದ.

"ನಾನು ಕರೀಲಿಲ್ಲ ಕಣಪ್ಪ. ಸುಮ್ನೆ ದಾನ್ಸೋನ್ ತಾಳ ಹಾಕ್ತಿದ್ದೆ."

"ನಾನೇನು ಮಾಡ್ಲಿ ತಾಯಿ, ಚಮಚ ಗಾಜಿಗೆ ತಾಗಿದ್ರೆ ನನ್ನ ಕಾಲು ತಾನಾಗೇ ಹೊರಡುತ್ತೆ. ಮನೇಲೂ ಅಷ್ಟೇ. ಹೆಂಡತಿ ಸ್ಟೀಲ್ ಲೋಟ ತಂದಿಟ್ಟಿದ್ದಾಳೆ." ಅವನು ಬೀಸಣಿಗೆ ನೋಡಿದ. "ಕುಣಿಯಕ್ಕೆ ಬಂದಿದ್ರಾ?"

"ಬಂದಿದ್ವಿ," ಎಂದಳು ದೆಲ್ಫೀನಾ. "ಜನವರಿಗೆ ಮಂಡಿ ಕೊಯ್ತಾರೆ. ಇರ್ಲಿ ಬಿಡಿ."

ಫಿದೆನ್ಸಿಯೋ ಪುಸ್ತಕ ಮುಚ್ಚಿದ. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಹೆಂಡತಿಯ ಮುಂದೆ ಕೈ ಚಾಚಿದ.

"ಇಲ್ಲೇನ್ರೀ? ಎಲ್ಲರ ಎದುರಿಗೆ?"

"ನಗೋರು ನಗ್ಲಿ ಬಾರೇ."

ನಾಬೋರ್ ಹಾಲಿನ ಕೆಟಲನ್ನು ಕೆಳಗಿಟ್ಟು, ಚಮಚ ಎತ್ತಿಕೊಂಡು ರಾಗ ಗುನುಗತೊಡಗಿದ. ತಾಳ ಶುರುವಾದದ್ದೇ ತಡ, ಒಳಗಿನಿಂದ ಇನ್ನೊಬ್ಬ ಹಾಲಿನವನು ಕೆಟಲು ಹಿಡಿದು ಓಡಿಬಂದ. ನಾಬೋರ್ ಅವನನ್ನು ಕಣ್ಣಲ್ಲೇ ಗದರಿ ಹಿಂದಕ್ಕೆ ಕಳಿಸಿದ. ಎರಡು ಮೇಜುಗಳ ನಡುವಿನ ಜಾಗದಲ್ಲಿ ಫಿದೆನ್ಸಿಯೋ ಸಣ್ಣ ಸಣ್ಣ ಹೆಜ್ಜೆ ಇಟ್ಟ. ತುಟಿಯಲ್ಲಿ ಲೆಕ್ಕ ಹಾಕುತ್ತಿದ್ದ. ದೆಲ್ಫೀನಾಳ ಕಣ್ಣು ಮುಚ್ಚಿತ್ತು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ ನೋಡಿದವರಿಗೆ ನಗಲು ಮನಸ್ಸು ಬರಲಿಲ್ಲ.

ಪಲ್ಲವಿ ಬಂತು. ಚಮಚ ಮೆಲ್ಲಗಾಯಿತು. ಫಿದೆನ್ಸಿಯೋ ನಿಂತ, ಒಂದು ಹೆಜ್ಜೆಯೂ ಹೆಚ್ಚಾಗದಂತೆ. ಅವಳು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸಿಕೊಂಡಳು. ಪಲ್ಲವಿ ಮುಗಿಯುತ್ತಾ ಬಂತು. ಆಗ ಅವನ ತೋಳಿನ ಮೇಲೆ ಅವಳ ಭಾರ ಪೂರ್ತಿ ಬಿತ್ತು.

"ಒಂಚೂರು ಇರಿ," ಎಂದಳು ಪಿಸುದನಿಯಲ್ಲಿ. "ಮಂಡಿ ಹಿಡ್ಕೊಂಡಿದೆ."

ನಾಬೋರ್ ಮುಂದಿನ ಹೆಜ್ಜೆಗೆ ಚಮಚ ಎತ್ತಿದ್ದ. ಫಿದೆನ್ಸಿಯೋ ಅವನ ಕಡೆ ತಿರುಗಿ, ಎಡಗೈಯನ್ನು ಭುಜದ ಮೇಲಕ್ಕೆ ಎತ್ತಿ, ಅಂಗೈ ತೋರಿಸಿದ. ಚಮಚ ಅಲ್ಲೇ ನಿಂತಿತು. ನಾಬೋರ್ ತಲೆಯಾಡಿಸಿ ಮತ್ತೆ ಪಲ್ಲವಿಯನ್ನೇ ಹಿಡಿದ. ಅದು ಮುಗಿದಾಗ ಅಂಗೈ ಇನ್ನೂ ಮೇಲೆಯೇ ಇತ್ತು. ನಾಬೋರ್ ಮತ್ತೊಮ್ಮೆ ಹಿಡಿದ. ಮಂಡಿ ಬಿಟ್ಟ ಮೇಲೆ ಅವಳು ಗಂಡನ ಕೈಯನ್ನು ತಾನೇ ಕೆಳಗಿಳಿಸಿದಳು, ಕುಣಿತ ಮುಂದುವರಿಯಿತು.

ಭಾನುವಾರ ಮಧ್ಯಾಹ್ನ ಓತಿಲಿಯಾ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನು ಭಾವ, ಎಲ್ಲ ಹೊತ್ತಿಗೆ ಸರಿಯಾಗಿ ನಡೀತಾ?"

"ಇಲ್ಲ. ಕುಣಿಯುವಾಗ ನಿಂತಿದ್ದು ಸ್ವಲ್ಪ ಹೆಚ್ಚಾಯ್ತು."

"ಎಷ್ಟು ನಿಮಿಷ?"

ಫಿದೆನ್ಸಿಯೋ ಚೀಲವನ್ನು ಒಳಗಿಟ್ಟು ಬಂದ.

"ಗಡಿಯಾರ ನೋಡ್ಲಿಲ್ಲ," ಎಂದ.

ಓತಿಲಿಯಾ ಅಕ್ಕನ ಮುಖ ನೋಡಿದಳು. ಕಾಫಿಗೆ ನೀರಿಡಲು ಒಳಗೆ ಹೋದಳು.