ರದ್ದಾದ ಸವಾರಿಯಲ್ಲಿ ಮುರಿದ ಮಣಿಕಟ್ಟು

ಆ ಅಪಘಾತದ ಪರಿಣಾಮವನ್ನು ಅನುಭವಿಸಿದವರು ಕಾರಿನ ಚಾಲಕರು, ನಾನಲ್ಲ. ನನ್ನ ಹುಬ್ಬಿನ ಮೇಲೆ ಎರಡು ಹೊಲಿಗೆ ಬಿದ್ದವು, ವಾರದೊಳಗೆ ಬಿಚ್ಚಿದರು. ಅವರ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು, ಮೂರು ತಿಂಗಳು ಸ್ಟೀರಿಂಗ್ ಹಿಡಿಯಲಾಗಲಿಲ್ಲ, ಅವರಿಗೆ ಸಲ್ಲಬೇಕಿದ್ದ ವಿಮೆಯೂ ತಪ್ಪಿತು. ಮಣಿಕಟ್ಟು ಮುರಿದದ್ದು ತಪ್ಪು ದಿಕ್ಕಿನಲ್ಲಿ ನುಗ್ಗಿದ ಸರಕಿನ ವ್ಯಾನಿನಿಂದ. ವಿಮೆ ತಪ್ಪಿದ್ದು ನನ್ನ ಹೆಬ್ಬೆರಳಿನಿಂದ.

ತಪ್ಪನ್ನು ತಪ್ಪೆಂದೇ ಕರೆಯಲು ನನಗೆ ಕಲಿಸಿದ್ದು ಧಾರವಾಡದ ಒಂದು ಸಣ್ಣ ಶಾಲೆ. ಅಲ್ಲಿ ಪರೀಕ್ಷೆ ಇರಲಿಲ್ಲ; ಗುರುಗಳೂ ನಾವೂ ಒಂದೇ ಸಾಲಿನಲ್ಲಿ ಕುಳಿತು ತಟ್ಟೆ ತೊಳೆಯುತ್ತಿದ್ದೆವು. ಯಾರ ಶ್ರಮದ ಲಾಭ ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ಶನಿವಾರ ಚರ್ಚಿಸುತ್ತಿದ್ದೆವು. ರೈಲ್ವೆ ನೌಕರಿಯ ಗಂಡನೊಡನೆ ಕೋಲ್ಕತ್ತಾಕ್ಕೆ ಬಂದ ಮೇಲೂ, ಮನೆಗೆಲಸದವರ ಸಂಘಟನೆಯಲ್ಲಿ ದುಡಿಯುವಾಗಲೂ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆದ್ದರಿಂದ ನನ್ನ ಪಾಲಿನದನ್ನೂ ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ.

ಅಂದು ಭಾನುವಾರ. ದಕ್ಷಿಣೇಶ್ವರದಲ್ಲಿರುವ ಕನ್ನಡ ಕುಟುಂಬವೊಂದರ ಮಗಳಿಗೆ ಸೀಮಂತ. ಇಲ್ಲಿನ ನಮ್ಮವರು ಇಂಥ ಕಾರ್ಯಕ್ಕೆ ಅಡುಗೆಯವರನ್ನು ಕರೆಯುವುದಿಲ್ಲ; ಮನೆಗೊಂದು ಕೆಲಸ ಹಂಚಿಕೊಳ್ಳುತ್ತೇವೆ. ಲೇಕ್ ಮಾರ್ಕೆಟ್‌ನಿಂದ ಬಾಳೆಎಲೆ, ತೆಂಗಿನಕಾಯಿ, ಕರಿಬೇವು ತರುವುದು ನನ್ನ ಪಾಲಿಗೆ ಬಂದಿತ್ತು. ಜೊತೆಗೆ ಸದರ್ನ್ ಅವೆನ್ಯೂದ ನಮ್ಮ ಮನೆಯಲ್ಲಿದ್ದ ದೊಡ್ಡ ಇಡ್ಲಿ ಪಾತ್ರೆಯನ್ನೂ ಒಯ್ಯಬೇಕಿತ್ತು. ಮೆಟ್ರೊ ಮೆಟ್ಟಿಲಿಳಿಸಿ ಸಾಗಿಸುವ ಹೊರೆಯಲ್ಲ ಅದು. ಮಾರುಕಟ್ಟೆಯ ಎದುರು ನಿಂತು ಆ್ಯಪ್‌ನಲ್ಲಿ ಕಾರು ಕರೆದೆ.

ಬಂದ ಚಾಲಕರಿಗೆ ನಲವತ್ತರ ಆಸುಪಾಸು. ಅವರ ಮನೆಯೂ ದಕ್ಷಿಣೇಶ್ವರದಲ್ಲೇ. ಇವತ್ತು ಬಿಸಿ ಅನ್ನ ಉಣ್ಣಬಹುದೆಂದು ಸಂತೋಷಪಟ್ಟರು. ಬಾಳೆಎಲೆ ಸೀಳದ ಹಾಗೆ ಅವರು ಹಿಂದೆ ಜೋಡಿಸುತ್ತಿದ್ದಾಗ, ಕಂಪನಿಯವರು ಬಾಡಿಗೆಯಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆಂದು ಕೇಳಿದೆ. ಉತ್ತರ ಕೇಳಿ ಸಿಟ್ಟು ಬಂತು. ಸವಾರಿಯನ್ನು ಫೋನಿನಲ್ಲಿ ರದ್ದು ಮಾಡಿ ಪೂರ್ತಿ ಬಾಡಿಗೆಯನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದೆ.

"ಬೇಡ ದೀದಿ," ಎಂದರು, ಬಂಗಾಳಿ ಬೆರೆತ ಹಿಂದಿಯಲ್ಲಿ. "ಫೋನಿನಲ್ಲೇ ಇರಲಿ. ರಸ್ತೆ ಅಂದಮೇಲೆ ಏನು ಬೇಕಾದರೂ ಆಗಬಹುದು."

ನಾನು ಬಿಡಲಿಲ್ಲ. ಅವರದೇ ದುಡಿಮೆಯ ಬಗ್ಗೆ ಅವರಿಗೇ ಪಾಠ ಹೇಳಿದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದಾಗ, ನಿಮ್ಮಿಷ್ಟ ಎಂದು ಒಪ್ಪಿ ಸ್ಟೀರಿಂಗ್ ಹಿಡಿದರು. ಫೋನು ಪಟ್ಟಿಯೊಂದನ್ನು ತೋರಿಸಿ ರದ್ದತಿಗೆ ಕಾರಣ ಕೇಳಿತು. ನನ್ನ ಕಾರಣ ಆ ಪಟ್ಟಿಯಲ್ಲಿ ಇರಲಾರದೆಂದುಕೊಂಡು ಮೊದಲ ಸಾಲನ್ನು ಓದದೆ ಒತ್ತಿ, ಫೋನು ಚೀಲಕ್ಕೆ ಹಾಕಿದೆ.

ಮನೆಯಿಂದ ಪಾತ್ರೆ ಏರಿಸಿಕೊಂಡು ಹೊರಟು ಎರಡು ನಿಮಿಷವಾಗಿರಲಿಲ್ಲ, ವ್ಯಾನು ಎದುರು ಬಂತು. ಚಾಲಕರು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಏಟು ಬಲಗಡೆಗೆ, ಅವರ ಬಾಗಿಲಿಗೆ ಬಿತ್ತು. ಹಿಂದಿನ ಸೀಟಿನ ಎಡಭಾಗದಲ್ಲಿದ್ದ ನನಗೆ ಮುಂದಿನ ಸೀಟಿನ ಅಂಚು ತಗುಲಿತು, ಅಷ್ಟೇ. ನನ್ನನ್ನು ಉಳಿಸಲೆಂದೇ ಹಾಗೆ ತಿರುಗಿಸಿದಿರಾ ಎಂದು ಆಮೇಲೊಮ್ಮೆ ಕೇಳಿದ್ದೇನೆ. ಅಷ್ಟೆಲ್ಲ ಯೋಚಿಸಲು ಎಲ್ಲಿ ಸಮಯವಿತ್ತು, ಕೈ ತಾನಾಗಿ ತಿರುಗಿತು ಎಂದರು. ಆ ಕೈಗೆ ನಾನು ಋಣಿ.

ಅಂದಿನ ಋಣ ಇನ್ನೂ ಹಲವರದಿದೆ. ತನ್ನ ಸ್ಟೂಲು ತಂದು ನನ್ನನ್ನು ಕೂರಿಸಿ ಹಣೆಗೆ ಒದ್ದೆ ಬಟ್ಟೆ ಒತ್ತಿದ ಹಣ್ಣಿನಂಗಡಿಯ ಮುದುಕಿ. ವ್ಯಾನು ಯಾವ ದಿಕ್ಕಿನಿಂದ ಬಂತೆಂಬುದನ್ನು ಚಕ್ರದ ಗುರುತು ಅಳಿಯುವ ಮೊದಲೇ ಬರೆದುಕೊಂಡ ಟ್ರಾಫಿಕ್ ಸಾರ್ಜೆಂಟ್. ಸರ್ಕಾರಿ ಆಸ್ಪತ್ರೆಯಲ್ಲಿ ಚಾಲಕರ ಕೈಗೆ ಪಟ್ಟಿ ಕಟ್ಟುವಾಗ ಪ್ರತಿಯೊಂದನ್ನೂ ಅವರಿಗೆ ವಿವರಿಸಿದ ಎಳೆಯ ವೈದ್ಯೆ. ಹೆಸರು ಬರೆದುಕೊಳ್ಳುವ ಮೊದಲೇ ಎಲ್ಲರೂ ಕೈ ಚಾಚಿದರು.

ಮೂರನೆಯ ವಾರ ಚಾಲಕರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಅವರ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ನಮ್ಮ ಕಮಿಷನ್ ಉಳಿಸಿಕೊಟ್ಟ ದೀದಿ ಇವರೇನಾ?" ಎಂದರು. ಹಾಗೆನ್ನುತ್ತಲೇ ಚಾಪೆ ಹಾಸಿ, ಮಂಡಕ್ಕಿಯ ಬಟ್ಟಲನ್ನು ನನ್ನ ಮುಂದಿಟ್ಟರು.

ಅಲ್ಲಿ ಕೂತಾಗ ಎಲ್ಲ ತಿಳಿಯಿತು. ಕಂಪನಿ ಅವರ ಖಾತೆಯನ್ನು ಸ್ಥಗಿತಗೊಳಿಸಿತ್ತು. ವಿಮೆ ಇಲ್ಲವೆಂದೂ ಸಂದೇಶ ಬಂದಿತ್ತು. ಅವರು ಓದಲಾರದ ಇಂಗ್ಲಿಷಿನಲ್ಲಿದ್ದ ಆ ಸಂದೇಶವನ್ನು ನಾನು ಓದಿದೆ: ಚಾಲಕರೇ ಪ್ರಯಾಣಿಕರಿಗೆ ರದ್ದು ಮಾಡಲು ಹೇಳಿದ್ದಾರೆ. ಅದು ನಾನು ಒತ್ತಿದ ಸಾಲು. ಅದನ್ನು ಅವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವರು ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಬೈಯಲಿಲ್ಲ.

ಮರುದಿನ ನಮ್ಮ ಮೇಲಿನ ಮಹಡಿಯ ಹಿರಿಯರ ಬಳಿ ಹೋದೆ. ಉಡುಪಿ ಕಡೆಯವರು, ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲೇ ನಿವೃತ್ತರಾದವರು.

"ನೀವು ಎಂತ ಮಾರಾಯ್ರೆ," ಎಂದರು. "ಊರಿನ ಮನವಿಪತ್ರಕ್ಕೆಲ್ಲ ಮೂರು ಸಲ ಓದಿ ಸಹಿ ಹಾಕುವವರು, ಇದನ್ನು ಓದದೇ ಒತ್ತುದಾ?"

ದಾರಿ ಎರಡು ಎಂದು ಅವರು ತಿಳಿಸಿದರು. ಒಂದು, ವ್ಯಾನಿನ ವಿಮೆಯಿಂದ ಪರಿಹಾರ ಕೇಳಿ ಮೋಟಾರು ಅಪಘಾತಗಳ ನ್ಯಾಯಮಂಡಳಿಗೆ ಹೋಗುವುದು. ಸಾರ್ಜೆಂಟ್ ಬರೆದ ವರದಿ ಇರುವುದರಿಂದ ಸಿಕ್ಕೀತು, ಆದರೆ ತಡವಾಗುತ್ತದೆ. ಇನ್ನೊಂದು, ಆ್ಯಪ್ ಕಂಪನಿ ಚಾಲಕರಿಗಾಗಿ ಮಾಡಿಸಿರುವ ಅಪಘಾತ ವಿಮೆ. ಅದು ಚಿಕಿತ್ಸೆಗೂ ದುಡಿಮೆ ನಿಂತ ದಿನಗಳಿಗೂ ಬೇಗ ಕೊಡುತ್ತದೆ, ಆದರೆ ದಾಖಲೆಯಲ್ಲಿ ಸವಾರಿ ನಡೆಯುತ್ತಿರಬೇಕು. ರದ್ದಾದ ಸವಾರಿ ಅವರ ಲೆಕ್ಕದಲ್ಲಿ ನಡೆದೇ ಇಲ್ಲ. ನಡೆದದ್ದನ್ನು ನಡೆದ ಹಾಗೆ ನಾನು ಬರೆದುಕೊಡಬೇಕು. ಬರೆದರೆ ಪ್ರಯಾಣಿಕಳಾಗಿ ಆ ಕಂಪನಿಯಿಂದ ನನಗೆ ಸಿಗುವುದೇನಾದರೂ ಇದ್ದರೆ ಅದೂ ಹೋಗುತ್ತದೆ. ಅದು ನನಗೆ ಕಷ್ಟವೆನಿಸಲಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ: ಕೊನೆಗೆ ಚಾಲಕರೂ ಒಪ್ಪಿದರೆಂಬುದನ್ನು ಬರೆಯದೆ ಆ ಪತ್ರ ಪೂರ್ತಿಯಾಗುತ್ತಿರಲಿಲ್ಲ, ಬರೆದರೆ ಖಾತೆ ಶಾಶ್ವತವಾಗಿ ಹೋಗಬಹುದಿತ್ತು.

ಮತ್ತೆ ದಕ್ಷಿಣೇಶ್ವರಕ್ಕೆ ಹೋಗಿ ಅವರಿಬ್ಬರ ಮುಂದೆ ಇದನ್ನಿಟ್ಟೆ.

"ನಾನು ಒಪ್ಪಿದ್ದನ್ನೂ ಬರೆಯಬೇಕಾ?" ಎಂದು ಕೇಳಿದರು.

ನಾನು ಉತ್ತರಿಸುವ ಮೊದಲೇ ಅವರ ಹೆಂಡತಿ ಹೇಳಿದರು: "ಬರೆಯಲಿ. ಒಂದು ಸುಳ್ಳು ಸಾಲಿನಿಂದಲೇ ಇಷ್ಟಾಯಿತು. ಅದರ ಮೇಲೆ ಇನ್ನೊಂದು ಬೇಡ. ಆದರೆ ಇವರು ಮೊದಲು ಬೇಡ ಅಂದದ್ದನ್ನು ಬಿಡಬೇಡಿ."

ಪತ್ರದ ಮೊದಲ ಕರಡು ನಾಲ್ಕು ಪುಟವಾಯಿತು. ಹಿರಿಯರು ಅದರಲ್ಲಿ ಮೂರಕ್ಕೆ ಕೆಂಪು ಗೆರೆ ಎಳೆದರು. "ಶೋಷಣೆ, ಬಂಡವಾಳ, ಇದೆಲ್ಲ ಇದ್ದರೆ ಓದುವ ಗುಮಾಸ್ತೆ ಎಂತ ಮಾಡ್ಬೇಕು? ಪಾಪ, ಅವಳ ಸಂಬಳವೂ ಸಣ್ಣದೇ. ಯಾವ ರಸ್ತೆ, ಎಷ್ಟು ಗಂಟೆ, ಯಾರು ಎಂತ ಹೇಳಿದ್ದು, ಅಷ್ಟು ಬರೀರಿ." ಬರೆದೆ. ನನ್ನ ಬದುಕಿನಲ್ಲಿ ನಾನು ಬರೆದ ಅತ್ಯಂತ ಚಿಕ್ಕ ದೂರುಪತ್ರ ಅದು. ದೂರು ಹೆಚ್ಚುಪಾಲು ನನ್ನ ಮೇಲೆಯೇ ಇತ್ತು. ಚಾಲಕರು ಎಡಗೈಯಿಂದ ಸಹಿ ಮಾಡಿದರು. ನ್ಯಾಯಮಂಡಳಿಯ ಅರ್ಜಿಯನ್ನು ಹಿರಿಯರೇ ತುಂಬಿಸಿ, ಟ್ರಾಮು ಹಿಡಿದು ಹೋಗಿ ವಕೀಲರೊಬ್ಬರಿಗೆ ಕೊಟ್ಟು ಬಂದರು. ಅದರ ಖರ್ಚನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ.

ಪತ್ರ ಕಂಪನಿಗೆ ತಲುಪಿದ ಮೇಲೆ ಎಚ್ಚರಿಕೆಯೊಂದಿಗೆ ಖಾತೆ ಮರಳಿ ತೆರೆಯಿತು. ಈಗ ಚಾಲಕರು ಮಧ್ಯಾಹ್ನದವರೆಗೆ ಮಾತ್ರ ಓಡಿಸುತ್ತಾರೆ. ಆಮೇಲೆ ಕೈ ಸೋಲುತ್ತದೆ. ಕಳೆದ ತಿಂಗಳು ನನ್ನನ್ನೇ ಸದರ್ನ್ ಅವೆನ್ಯೂದಿಂದ ಕರೆದೊಯ್ದರು, ಸವಾರಿ ಫೋನಿನಲ್ಲಿ ದಾಖಲಾಗಿದೆಯೆಂದು ನನಗೆ ತೋರಿಸಿದ ಮೇಲೆಯೇ ಹೊರಟರು. ನನ್ನ ತಪ್ಪನ್ನು ಅವರು ಕ್ಷಮಿಸಿದ್ದಾರೆ. ಕ್ಷಮೆಯನ್ನು ಹೀಗೆ ಸಲೀಸಾಗಿ ಪಡೆದ ನಾನು ಅದೃಷ್ಟವಂತಳು.

ಆದರೆ ಗಾಯದ ಪರಿಹಾರ ಇನ್ನೂ ಬಂದಿಲ್ಲ. ನ್ಯಾಯಮಂಡಳಿಯ ಅರ್ಜಿ ಸರದಿಯಲ್ಲಿದೆ. ಸವಾರಿ ಚಾಲ್ತಿಯಲ್ಲಿರಲಿಲ್ಲ ಎಂಬ ಒಂದೇ ವಾಕ್ಯ ಕಂಪನಿಯಿಂದ ಎರಡು ಬಾರಿ ಬಂದಿದೆ. ಕಾರಿನಲ್ಲಿ ನಾನಿದ್ದೆ, ಸಾರ್ಜೆಂಟ್ ಬರೆದಿದ್ದಾರೆ, ಆಸ್ಪತ್ರೆಯ ಚೀಟಿಯಲ್ಲಿದೆ. ಕಂಪನಿಯ ಅಧಿಕಾರಿಗಳೇ, ಆ ಚಾಲಕರಿಗೆ ವಿಮೆ ಕೊಟ್ಟಿರುವವರೇ, ನಾನು ಕೇಳುವುದಿಷ್ಟು. ಈ ಚಾಲಕರ ಚಿಕಿತ್ಸೆಯ ವೆಚ್ಚವನ್ನೂ ದುಡಿಮೆ ನಿಂತ ಮೂರು ತಿಂಗಳ ಭತ್ಯೆಯನ್ನೂ ಪೂರ್ತಿಯಾಗಿ ಮಂಜೂರು ಮಾಡಿ. ಇನ್ನು ಮುಂದೆ ಚಾಲಕ ಆ್ಯಪ್‌ಗೆ ಹಾಜರಾದ ಗಳಿಗೆಯಿಂದ ಹೊರಬರುವ ಗಳಿಗೆಯವರೆಗೆ ವಿಮೆ ಜಾರಿಯಲ್ಲಿರಲಿ. ಪ್ರಯಾಣಿಕರು ಒತ್ತಿದ ಕಾರಣದ ಮೇಲೆ ಯಾರ ಖಾತೆಯನ್ನೂ, ಅವರನ್ನು ಕೇಳದೆ, ಮುಚ್ಚಬೇಡಿ. ನಿಮ್ಮ ತೀರ್ಮಾನವನ್ನು ಈ ತಿಂಗಳೊಳಗೆ ಕಾಗದದ ಮೇಲೆ, ಒಬ್ಬ ಅಧಿಕಾರಿಯ ಸಹಿಯೊಂದಿಗೆ, ಅವರು ಓದಬಲ್ಲ ಬಂಗಾಳಿಯಲ್ಲಿ ಅವರ ಮನೆಗೆ ತಲುಪಿಸಿ.