ಶಟರ್ ಇಳಿಸಿದ ಶನಿವಾರ

ಭಕ್ತ ಬಂಧುಗಳೇ, ನನ್ನ ತಮ್ಮ ಬಸವರಾಜನ ಜೀವವನ್ನು ನನ್ನ ಕೈಯಾರೆ ತೆಗೆಯುವುದರಲ್ಲಿದ್ದೆ. ಮುಚ್ಚಿಟ್ಟು ಬರೆಯಲು ಮನಸ್ಸಿಲ್ಲ.

ನಾವು ವಿಜಯಪುರದ ಕಡೆಯವರು. ಮುಂಬಯಿ ಹತ್ತಿರದ ಕಲ್ಯಾಣ–ಶೀಳ್ ರಸ್ತೆಯಲ್ಲಿ ಡೀಸೆಲ್ ಗಾಡಿಗಳ ಗ್ಯಾರೇಜ್ ನಡೆಸುತ್ತೇವೆ. ಪಕ್ಕದಲ್ಲೇ ಮಾರುತಿ ಗುಡಿ. ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ, ಮಸಿ ಹಿಡಿಯುವ ಫಿಲ್ಟರ್ ಕಟ್ಟಿಹೋದ ಬಸ್ಸೊಂದು ಬಂತು. ಅರ್ಧ ಗಂಟೆ ಇಂಜಿನ್ ಜೋರಾಗಿ ಓಡಿಸಿ ಆ ಮಸಿಯನ್ನು ಒಳಗೇ ಸುಡಬೇಕು, ನಡುವೆ ನಿಲ್ಲಿಸುವಂತಿಲ್ಲ. ಹೊಗೆ ಹೊರಹೋಗಲು ಸೈಲೆನ್ಸರಿಗೆ ಉದ್ದದ ಪೈಪು ಹಾಕುತ್ತೇವೆ. ಅದರ ಬಾಯಿ ಗುಡಿಯ ಕಡೆಗಿತ್ತು, ಆರತಿಯ ಹೊತ್ತು ಬೇರೆ. ಯಾರೂ ಒಂದು ಮಾತು ಅಂದಿರಲಿಲ್ಲ. ದೇವರಿಗೆ ಹೊಗೆ ತಾಗಬಾರದೆಂದು ನಾನೇ ಪೈಪು ಒಳಗೆಳೆದು ಶಟರ್ ಇಳಿಸಿದೆ. "ಆರತಿ ಮುಗಿಯೂತನಕ ತೆಗೀಬ್ಯಾಡ" ಎಂದು ಒಳಗೆ ಇಂಜಿನ್ ನೋಡಿಕೊಳ್ಳುತ್ತಿದ್ದ ಬಸೂಗೆ ಹೇಳಿ ಆರತಿಗೆ ಹೋದೆ. ಇಷ್ಟು ವರ್ಷದ ಮೆಕ್ಯಾನಿಕ್ ನಾನು, ಅವತ್ತು ಬುದ್ಧಿಗೆ ಮಂಕು ಕವಿದಿತ್ತು.

ಪ್ರಸಾದ ಹಿಡಿದು ಬಂದು ಶಟರ್ ಎತ್ತಿದಾಗ ಬಸೂ ಬಸ್ಸಿನ ಪಕ್ಕ ಬಿದ್ದಿದ್ದ. ರಿಕ್ಷಾದಲ್ಲಿ ಕಲ್ಯಾಣದ ಆಸ್ಪತ್ರೆಗೆ ಒಯ್ದೆವು, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ನವಿ ಮುಂಬಯಿಗೆ. ದಾರಿಯಲ್ಲಿ ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಗಾಡಿ ಬಹಳ ಹೊತ್ತು ಅಲುಗಲಿಲ್ಲ.

"ಧುವಾ ಖೂನ್ ಮೇ ಗಯಾ ಹೈ, ಅಭೀ ಕುಛ್ ಬೋಲ್ ನಹೀ ಸಕತೇ" ಎಂದರು ಡಾಕ್ಟರು. ಹೊಗೆ ರಕ್ತಕ್ಕೆ ಸೇರಿದೆ, ಈಗಲೇ ಏನೂ ಹೇಳಲಾಗದು ಎಂದರ್ಥ.

ಬಸೂನ ಹೆಂಡತಿ ಶಾಂತಾ ಅಳಲಿಲ್ಲ. "ಬಾವಾರ, ಹನುಮಪ್ಪಗ ಹೊಗಿ ತಾಕಿದ್ರ ಏನ್ ಆಗ್ತಿತ್ರಿ?" ಎಂದಷ್ಟೇ ಕೇಳಿದಳು.

ಎರಡು ದಿನ ಬಾಯಲ್ಲಿ ದೇವರ ಹೆಸರು ಬರಲಿಲ್ಲ. ಹನುಮಪ್ಪನ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಕೊನೆಗೆ ಐಸಿಯು ಬಾಗಿಲಲ್ಲಿ ನಿಂತು, "ನೀನು ಗಾಳಿಯ ಮಗ. ಇವನಿಗೆ ಉಸಿರು ಕೊಡು, ಬೇರೇನೂ ಕೇಳುವ ಮುಖ ನನಗಿಲ್ಲ" ಎಂದೆ.

ಮೂರನೆಯ ದಿನ ಬೆಳಿಗ್ಗೆ ನರ್ಸ್ ಒಳಗೆ ಕರೆದಳು. ಬಸೂ ಕಣ್ಣು ಬಿಟ್ಟಿದ್ದ. ಮಾಸ್ಕ್ ಸರಿಸಿ, "ಅಣ್ಣಾ, ಆರತಿ ಮುಗೀತೇನು? ಶಟರ್ ತೆಗೀಲಾ?" ಎಂದ. ನಾನು ಅಲ್ಲೇ ನೆಲದ ಮೇಲೆ ಕುಸಿದು ಅತ್ತೆ.

ಈಗಲೂ ಅವನ ಕೈ ನಡುಗುತ್ತದೆ, ನಟ್ಟು ತಿರುಗಿಸುವ ಪಾನಾ ಹಿಡಿತದಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಶಾಂತಾ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಆದರೂ ಜೀವ ಉಳಿಯಿತು, ಅದು ಸ್ವಾಮಿ ಕೊಟ್ಟದ್ದು.

ಮತ್ತೆ ಕೆಲಸ ಶುರುಮಾಡಿದ ದಿನ, ಆರತಿಯ ಹೊತ್ತಿಗೆ ಇಂಜಿನ್ ಓಡಿಸಬಹುದೇ ಎಂದು ಕೈಮುಗಿದು ಪೂಜಾರಿಯವರನ್ನು ಕೇಳಿದೆ. "ಚಾಲೂ ಠೇವ್. ಮಾರುತೀಲಾ ಕಾಯ್ ಹೋತಯ್?" ಎಂದರು, ಓಡುತ್ತಿರಲಿ, ದೇವರಿಗೇನಾಗುತ್ತದೆ ಎನ್ನುವಂತೆ.

ಈಗ ಶಟರ್ ಪೂರ್ತಿ ಮೇಲಿರುತ್ತದೆ, ಪೈಪು ಹೊರಗಿರುತ್ತದೆ. ಸ್ವಾಮಿಯ ಸಿಂಧೂರದ ಮೇಲೆ ತೆಳ್ಳಗೆ ಮಸಿ ಕೂರುತ್ತದೆ. ಪ್ರತಿ ಶನಿವಾರ ಎಣ್ಣೆ ಹಚ್ಚುವ ಮುನ್ನ ನಾನೇ ಅದನ್ನು ಒರೆಸುತ್ತೇನೆ. ನಮ್ಮ ಹೊಗೆಯನ್ನು ತನ್ನ ಮುಖದ ಮೇಲೆ ತೆಗೆದುಕೊಳ್ಳುವ ದೇವರು ಅವನು.