ಸೊನ್ನೆ ಡಿಗ್ರಿಯ ಸುಳ್ಳು

ಮೊನ್ನೆಯ ಚಳಿಗೆ ನಮ್ಮ ಸಹಕಾರನಗರದ ಮನೆಯಲ್ಲಿ ಜೇನಿನ ಬಾಟಲಿಯ ತಳ ಹರಳುಗಟ್ಟಿತ್ತು. ಕಲಬೆರಕೆಯೆಂದು ಸೊಸೆ ಎಸೆಯಹೊರಟಳು. ತಡೆದು ಬಿಸಿನೀರಿನಲ್ಲಿಟ್ಟೆ; ಹರಳು ಮಾಯ. ಅವಳಿಗೆ ಅಚ್ಚರಿ, ನನಗೆ ಗೌರಿಯ ನೆನಪು.

ಅರವತ್ತರ ದಶಕದ ಮಾತು. ಗೌರಿ ಹುಣಸಮಾರನಹಳ್ಳಿಯ ರೈತರ ಮಗಳು, ನಾನು ಅಲ್ಲಿಗೆ ನಾಲ್ಕೈದು ಮೈಲಿ ದೂರದ ಯಲಹಂಕದವಳು. ಅವಳು ಬಸ್ಸಿನಲ್ಲಿ ಯಲಹಂಕಕ್ಕೆ ಬಂದ ಮೇಲೆ, ಪಿಯುಸಿ ಓದಲು ದಿನವೂ ಜೊತೆಯಾಗಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಿದ್ದೆವು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನ್ನದು ಬರೀ ಕಂಠಪಾಠ. ದ್ರಾವ್ಯತೆಯ ವ್ಯಾಖ್ಯೆಯನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದೆ. ಅರ್ಥ ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪು ಎಷ್ಟು ಬಿಸಿಯ ನೀರಿನಲ್ಲಿ ಎಷ್ಟು ಕರಗುತ್ತದೆಂದು ಅಳೆದು ಗ್ರಾಫ್ ಬರೆಯುವ ಪ್ರಯೋಗ ಬಂತು. ನಾನು ಪುಸ್ತಕದ ಗೆರೆಯನ್ನೇ ಎಳೆದು, ಆಮೇಲೆ ಅದರ ಮೇಲೆ ಚುಕ್ಕಿ ಇಟ್ಟೆ. ಎಷ್ಟು ನಯವಾಗಿತ್ತೆಂದರೆ ನನಗೇ ಹೆಮ್ಮೆ.

ಕೆಮಿಸ್ಟ್ರಿ ಮೇಡಂ ಕನ್ನಡಕ ಏರಿಸಿದರು. "ಸೊನ್ನೆ ಡಿಗ್ರೀಲೂ ಅಳೆದಿದ್ದೀಯಲ್ಲಮ್ಮ, ಐಸ್ ಎಲ್ಲಿಂದ ತಂದೆ?"

ನಮ್ಮ ಲ್ಯಾಬಿನಲ್ಲಿ ಐಸ್ ಎಂಬುದೇ ಇರಲಿಲ್ಲ.

"ಇವತ್ತೇ ಮತ್ತೆ ಮಾಡು. ಇಲ್ದಿದ್ರೆ ರೆಕಾರ್ಡಿಗೆ ಸೈನ್ ಇಲ್ಲ."

ಸೈನ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ತಪ್ಪಿದರೆ ನನಗೆ ಗಂಡು ಹುಡುಕಲು ಸೋದರತ್ತೆ ತುದಿಗಾಲಲ್ಲಿ ನಿಂತಿದ್ದರು. ನಾನು ಮೂಲೆಯಲ್ಲಿ ಕೂತು ಅಳತೊಡಗಿದೆ. ಮನೆಗೆ ಹೊರಟಿದ್ದ ಗೌರಿ ಚೀಲ ಕೆಳಗಿಟ್ಟಳು.

"ಇಂಗೇ ಅಳ್ತಾ ಕೂತ್ರೆ ಆಯ್ತದಾ? ಏಳು, ನೀರು ಕಾಯ್ಸೇ."

ಕಾಯಿಸಿದೆವು. ತೂಗಿ ಹಾಕಿದ ಉಪ್ಪೆಲ್ಲ ಕರಗಿ ನೀರು ತಿಳಿಯಾಯಿತು. ಥರ್ಮಾಮೀಟರ್ ಇಟ್ಟು ಆರಲು ಬಿಟ್ಟೆವು. ಎಂಬತ್ತು, ಎಪ್ಪತ್ತು, ಏನೂ ಇಲ್ಲ. ಅರವತ್ತರ ಹತ್ತಿರ ಬಿಳಿ ಸೂಜಿಯೊಂದು ಹುಟ್ಟಿತು, ನೋಡನೋಡುತ್ತ ನೂರಾರು.

"ಗೌರೀ, ಬಿಸಿ ಇದ್ದಾಗ ಎಲ್ಲಾ ಇಟ್ಕೊಂಡಿತ್ತು ಕಣೇ! ತಣ್ಣಗಾದ್ಮೇಲೆ ಅಷ್ಟು ಇಟ್ಕೊಳ್ಳೋಕೆ ಆಗ್ತಿಲ್ಲ!" ಎಂದು ಕಿರುಚಿದೆ.

ಸೂಜಿ ಹುಟ್ಟಿದ ಆ ಡಿಗ್ರಿಯೇ ಗೆರೆಯ ಮೇಲಿನ ಒಂದು ಚುಕ್ಕಿ. ಇನ್ನಷ್ಟು ನೀರು ಬೆರೆಸಿ, ಮತ್ತೆ ಕಾಯಿಸಿ ಆರಿಸಿದೆವು. ಪ್ರತಿ ಸಲವೂ ಸೂಜಿಗಳು ಮೊದಲಿಗಿಂತ ತಣ್ಣಗಾದ ಮೇಲೆ ಬಂದವು. ಗೆರೆ ಸ್ವಲ್ಪ ಸೊಟ್ಟಗಾಯಿತು. ಮೇಡಂ ನಕ್ಕು ಸೈನ್ ಹಾಕಿದರು. ನಮ್ಮ ರೈಲು ಹೋಗಿಬಿಟ್ಟಿತ್ತು. ಮುಂದಿನದರಲ್ಲಿ ಕತ್ತಲಾದ ಮೇಲೆ ಯಲಹಂಕ ತಲುಪಿ ನಾನು ಕುಣಿಯುತ್ತ ಮನೆ ಸೇರಿದೆ. ಮುಂದೆ ಹೈಸ್ಕೂಲಿನಲ್ಲಿ ಅದೇ ಪಾಠ ಹೇಳಿ ನಿವೃತ್ತಳೂ ಆದೆ.

ಮೊನ್ನೆ ಗೌರಿಗೆ ಫೋನ್ ಮಾಡಿದಾಗ ಮೊದಲ ಸಲ ಕೇಳಿದೆ, "ಅವತ್ತು ಯಲಹಂಕದಿಂದ ಊರಿಗೆ ಹೇಗೆ ಹೋದ್ಯೇ? ಬಸ್ ಸಿಕ್ತಾ?"

"ಬಸ್ಸೆಲ್ಲಿತ್ತು ಆ ವತ್ನಲ್ಲಿ? ನಡ್ಕೊಂಡೇ ಬಂದೆ. ನೀನೇನು ಇಮಾನ ಕಳಿಸಿದ್ದಾ?"

"ನಂಗೆ ಹೇಳ್ಬಾರ್ದಿತ್ತೇನೇ?"

"ನೀನು ಕೇಳ್ಲಿಲ್ವಲ್ಲೇ," ಎಂದು ನಕ್ಕಳು.

ನಿಜ, ಕೇಳಿರಲಿಲ್ಲ. ಈ ಭಾನುವಾರ ಅವಳ ಮನೆಗೆ ಹೊರಟಿದ್ದೇನೆ. ಇನ್ನೂ ಏನೇನು ಕೇಳದೆ ಉಳಿಸಿಕೊಂಡಿದ್ದೇನೋ.